ಫೋರ್ ಕೆ ಕುಜದೋಷ

ಬಾದಾಮಿಯ ಸ್ಟೇಶನ್ ರೋಡಿನಲ್ಲಿ ಜಾತಕ ನೋಡುವ ಸತ್ಯಬೋಧಾಚಾರ್ಯರಿಗೆ ಜ್ಯೋತಿಷ್ಯ ಬರುತ್ತಿರಲಿಲ್ಲ. ಈ ಸಂಗತಿ ಅವರಿಗೆ ಗೊತ್ತಿತ್ತು, ಅವರ ಹೆಂಡತಿ ಕುಮುದಿನಿಗೆ ಗೊತ್ತಿತ್ತು, ಊರಿಗೆ ಮಾತ್ರ ಗೊತ್ತಿರಲಿಲ್ಲ. ಜ್ಯೋತಿಷ್ಯ ಬರುತ್ತಿದ್ದದ್ದು ಅವರ ತಂದೆಗೆ. ಆ ಮಹಾನುಭಾವರು ಪಂಚಾಂಗವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಗೆಣ್ಣುಗಳ ಮೇಲೆ ಒಂಬತ್ತೂ ಗ್ರಹಗಳನ್ನು ಹತ್ತಿಸಿ ಇಳಿಸಿ, ಕೂತಲ್ಲೇ ಒಂದು ಜನ್ಮದ ಗಣಿತ ಮುಗಿಸುತ್ತಿದ್ದರು. ಮಗನಿಗೆ ಗೆಣ್ಣು ಒಲಿಯಲಿಲ್ಲ, ಮೌಸು ಒಲಿಯಿತು.

ತಂದೆ ತೀರಿಕೊಂಡ ಮೇಲೆ ಆಚಾರ್ಯರು, ಹುಬ್ಬಳ್ಳಿಯಲ್ಲಿ ಯಾರೋ ಒಬ್ಬ ಬುದ್ಧಿವಂತ ಬರೆದು ಸಿ.ಡಿ.ಯಲ್ಲಿ ಮಾರುತ್ತಿದ್ದ ಜಾತಕದ ಸಾಫ್ಟ್‌ವೇರನ್ನು ತಂದು ಕಂಪ್ಯೂಟರಿಗೆ ಹಾಕಿಕೊಂಡರು. ಹುಟ್ಟಿದ ದಿನ, ವೇಳೆ, ಊರು ಬಡಿದರೆ ಪರದೆಯ ನಡುವೆ ಹಳದಿ ಬಣ್ಣದ ಒಂದು ಪೆಟ್ಟಿಗೆ ಮೂಡುತ್ತಿತ್ತು, ಫಲವೆಲ್ಲ ಅದರೊಳಗೆ. ಬರೆದವನು ಮುಂದೆ ಎಲ್ಲಿ ಹೋದ, ಏನಾದ ಎಂಬುದನ್ನು ಅವನ ಸಾಫ್ಟ್‌ವೇರೂ ಹೇಳುವುದಿಲ್ಲ. ಆಚಾರ್ಯರು ಮಾತ್ರ ಹದಿನಾರು ವರ್ಷ ಆ ಪೆಟ್ಟಿಗೆಯನ್ನು ಓದಿಕೊಂಡೇ ಹೆಸರು ಮಾಡಿದ್ದರು. ಓದಿದ ಮೇಲೆ ಅರ್ಧ ನಿಮಿಷ ಕಣ್ಣು ಮುಚ್ಚುತ್ತಿದ್ದರು. ಆ ಅರ್ಧ ನಿಮಿಷ ಅವರ ಸ್ವಂತ ವಿದ್ಯೆ.

ಇಷ್ಟರಲ್ಲಿ ಕುಳಗೇರಿ ಕ್ರಾಸಿನಲ್ಲಿ ಯಾವನೋ ಒಬ್ಬ ಚಹಾದಂಗಡಿಯ ಬಾಕಿನ ಮೇಲೆ ಕೂತು ಮೊಬೈಲಿನಲ್ಲೇ ಜಾತಕ ಹೇಳುತ್ತಾನೆಂಬ ಸುದ್ದಿ ಬಂತು. ಅಂಗೈಯಗಲದ ಜ್ಯೋತಿಷ್ಯಕ್ಕೆ ಉತ್ತರ ಗೋಡೆಯಗಲದ ಜ್ಯೋತಿಷ್ಯ ಎಂದು ತೀರ್ಮಾನಿಸಿದ ಆಚಾರ್ಯರು ಬಾಗಲಕೋಟೆಗೆ ಹೋಗಿ, ನವನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಸುನೀಲಕುಮಾರನಿಗೆ ಇದ್ದುದರಲ್ಲಿ ದೊಡ್ಡ ಮಾನಿಟರ್ ತೋರಿಸಲು ಹೇಳಿದರು. ಅವನು ತೋರಿಸಿದ. ಇದು ಫೋರ್ ಕೆ ಐತ್ರಿ ಎಂದ. ಕೆ ಎಂದರೆ ಏನು ಎಂದು ಆಚಾರ್ಯರು ಕೇಳಲಿಲ್ಲ; ತಾವು ಕೇಳುವುದು ಅವರ ವೃತ್ತಿಗೆ ಒಪ್ಪುವ ಮಾತಲ್ಲ. ಜಾತಕದಲ್ಲಿ ಒಂದು, ನಾಲ್ಕು, ಏಳು, ಹತ್ತನೆಯ ಮನೆಗಳಿಗೆ ಕೇಂದ್ರವೆನ್ನುತ್ತಾರೆ ಎಂಬಷ್ಟು ಅವರಿಗೂ ಗೊತ್ತಿತ್ತು. ಫೋರ್ ಕೆ ಎಂದರೆ ನಾಲ್ಕು ಕೇಂದ್ರ. ವಿದೇಶದ ಕಂಪನಿಯವರು ಕೂಡ ಇಷ್ಟು ವಿಚಾರ ಮಾಡಿ ಮಾಲು ತಯಾರಿಸುತ್ತಾರಲ್ಲ ಎಂದು ಮೆಚ್ಚಿ, ಮಾನಿಟರನ್ನು ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದರು.

ಮನೆಯಲ್ಲಿ ಹಚ್ಚಿ ನೋಡಿದರೆ ಪರದೆ ದೊಡ್ಡದಾಗಿ ಅಕ್ಷರ ಸಣ್ಣವಾಗಿದ್ದವು. ಎಷ್ಟು ಸಣ್ಣವೆಂದರೆ, ಹಳದಿ ಪೆಟ್ಟಿಗೆ ಅಂಚೆ ಚೀಟಿಯಷ್ಟು, ಅದರೊಳಗಿನ ಭವಿಷ್ಯ ಸಾಸಿವೆಯಷ್ಟು. ಕುಮುದಿನಿ ಅಡುಗೆಮನೆಯಿಂದ ಬಂದು ನೋಡಿ, ದೊಡ್ಡ ವಾಡೆ ಕಟ್ಟಿಸಿ ಒಳಗ ಇರಿವಿ ಸಾಕಿದಂಗ ಆಗೇದ ಎಂದು ಹೇಳಿ ಒಳಗೆ ಹೋದಳು.

ಆಚಾರ್ಯರು ಸುನೀಲಕುಮಾರನಿಗೆ ಫೋನು ಹಚ್ಚಿದರು. ಅವನು ತಾಳ್ಮೆಯವನು. ಹಳೆಯ ಪರದೆಯಲ್ಲಿ ಇಂಚಿಗೆ ಎಷ್ಟು ಚುಕ್ಕಿ ಇದ್ದವೋ ಇದರಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಇರುತ್ತವೆ, ನಿಮ್ಮ ಸಾಫ್ಟ್‌ವೇರು ಹಳೆಯದು, ಅದು ಇಂಚು ನೋಡುವುದಿಲ್ಲ, ಚುಕ್ಕಿ ಎಣಿಸಿ ಅಕ್ಷರ ಬರೆಯುತ್ತದೆ, ಚುಕ್ಕಿ ಸಣ್ಣವಾದರೆ ಅಕ್ಷರವೂ ಸಣ್ಣ ಎಂದು ತಿಳಿಸಿ ಹೇಳಿದ. ಮಾಡಬೇಕಾದದ್ದು ಎರಡು ಕೆಲಸ. ಒಂದು, ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಅಳತೆಯನ್ನು ನೂರರಿಂದ ಎರಡುನೂರಾ ಐವತ್ತಕ್ಕೆ ಏರಿಸುವುದು. ಅದನ್ನು ಆಚಾರ್ಯರು ಫೋನಿನಲ್ಲಿ ಅವನು ಹೇಳಿದ ಹಾಗೆ ಮಾಡಿದರು. ಅಕ್ಷರಗಳು ಉಬ್ಬಿ ಬಂದವು.

"ಇನ್ನೊಂದು ಐತ್ರಿ," ಎಂದ ಸುನೀಲಕುಮಾರ. "ನಿಮ್ಮ ಹಳೇ ಸಾಫ್ಟ್‌ವೇರಿಗೆ ಹೈ ಡಿಪಿಐ ಬದಲಿ ಮಾಡ್ರಿ."

ಆಚಾರ್ಯರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಬಾಗಲಕೋಟೆ ಜಿಲ್ಲೆಯಲ್ಲಿ ಡಿಡಿಪಿಐ ಎಂದರೆ ಸಾಲಿ ಇಲಾಖೆಯ ದೊಡ್ಡ ಸಾಹೇಬರು. ಹೈ ಎಂದ ಮೇಲೆ ಅವರಿಗೂ ಮೇಲಿನವರು. ಬದಲಿ ಎಂದರೆ ವರ್ಗಾವಣೆ.

"ಅವರನ್ನ ಬದಲಿ ಮಾಡಲಿಕ್ಕೆ ನಾ ಯಾರಪಾ?" ಎಂದರು ಆಚಾರ್ಯರು. "ಸರಕಾರ ಅದ, ಮಂತ್ರಿಗಳದಾರ. ನೀ ಯಾರೋ ಮಾಸ್ತರಿಗೆ ಹೇಳೂದನ್ನ ನನಗ ಹೇಳಾಕತ್ತಿ."

ಸುನೀಲಕುಮಾರ ಮತ್ತೆ ಏನೋ ಹೇಳಲು ಹೋದ. ಅಧಿಕಾರಿಗಳ ವಿಷಯ ಫೋನಿನಲ್ಲಿ ಮಾತಾಡುವುದು ಚಲೋ ಅಲ್ಲವೆಂದು ಬುದ್ಧಿ ಹೇಳಿ ಆಚಾರ್ಯರು ಫೋನಿಟ್ಟರು. ಅಕ್ಷರ ಕಾಣಿಸುತ್ತಿದ್ದವು, ಇನ್ನೇನು ಬೇಕು.

ಬೇಕಾಗಿತ್ತು. ಆ ಸಾಫ್ಟ್‌ವೇರು ಕಂಪ್ಯೂಟರಿನ ಮಾತನ್ನು ಅರ್ಧ ಕೇಳಿತ್ತು. ಅಕ್ಷರಗಳನ್ನು ಹಿಗ್ಗಿಸಿತು, ಅಕ್ಷರಗಳಿದ್ದ ಪೆಟ್ಟಿಗೆಯನ್ನು ಹಿಗ್ಗಿಸಲಿಲ್ಲ. ಮೊದಲು ಹಳದಿ ಪೆಟ್ಟಿಗೆಯಲ್ಲಿ ಕೈಕಾಲು ಚಾಚಿಕೊಂಡಿದ್ದ ವಾಕ್ಯಗಳು ಈಗ ಒಂದರ ಮೈಮೇಲೊಂದು ಬಿದ್ದು, ಬಲಕ್ಕೆ ಹೆಚ್ಚಾದದ್ದು ಪೆಟ್ಟಿಗೆಯ ಗೋಡೆಯ ಆಚೆ ಹೋಗಿ ಕಾಣದಾಯಿತು. 'ಮುದ್ರಿಸು' ಎಂಬ ಗುಂಡಿ ಕೆಳಗೆ ಎಲ್ಲೋ ನೆಲಮಾಳಿಗೆ ಸೇರಿತು. ಇನ್ನು ಪ್ರಿಂಟ್ ತೆಗೆಯುವ ಹಾಗಿರಲಿಲ್ಲ. ಆಚಾರ್ಯರು ಧೃತಿಗೆಡಲಿಲ್ಲ. ಕಾಗದದ ನಾಲ್ಕು ಮೂಲೆಗೆ ಅರಿಷಿಣ ಹಚ್ಚಿ, ಫಲವನ್ನು ಕೈಯಿಂದ ಬರೆದು, ಕೆಳಗೆ ಉದ್ದನೆಯ ಸಹಿ ಮಾಡತೊಡಗಿದರು. ಗಿರಾಕಿಗಳಿಗೆ ಇದು ಪ್ರಿಂಟಿಗಿಂತ ಹೆಚ್ಚು ಶಾಸ್ತ್ರೋಕ್ತವೆನಿಸಿತು.

ಕೇಡು ಇದ್ದದ್ದು ಬೇರೆ ಕಡೆ. ಕುಜ, ಅಂದರೆ ಮಂಗಳ, ಜಾತಕದಲ್ಲಿ ಕೂಡಬಾರದ ಮನೆಯಲ್ಲಿ ಕೂತರೆ ಕುಜದೋಷ. ಅಂಥವರನ್ನು ಮದುವೆಯಾದವರು ಬಹುಕಾಲ ಬದುಕುವುದಿಲ್ಲವೆಂಬ ಹೆದರಿಕೆ. ಗಂಡಿಗೂ ಇದ್ದು ಹೆಣ್ಣಿಗೂ ಇದ್ದರೆ ಒಂದಕ್ಕೊಂದು ಹೊಡೆದುಹೋಗಿ ಎಲ್ಲ ಸುಗಮ. ಜಾತಕ ತರುವವರೆಲ್ಲ ಮೊದಲು ಕೇಳುವುದು ಇದನ್ನೇ. ಸಾಫ್ಟ್‌ವೇರು ಬರೆದವನು ಗ್ರಾಂಥಿಕ ಸ್ವಭಾವದವನಾದ್ದರಿಂದ ಉತ್ತರ ಎರಡೇ ತರಹ ಬರುತ್ತಿತ್ತು: 'ಕುಜದೋಷ ಇರುವುದು', ಇಲ್ಲವೆ 'ಕುಜದೋಷ ಇರುವುದಿಲ್ಲ'. ಕನ್ನಡದಲ್ಲಿ ಇಲ್ಲವೆನ್ನುವುದನ್ನು ಕಡೆಗೆ ಹೇಳುವ ಪದ್ಧತಿ. ಹೊಸ ಪರದೆಯ ಪೆಟ್ಟಿಗೆಯಲ್ಲಿ ಕಡೆಗೆ ಜಾಗವಿರಲಿಲ್ಲ. ಯಾರ ಜಾತಕ ಹಾಕಿದರೂ 'ಕುಜದೋಷ ಇರುವು' ಎಂದು ಬಂದು ನಿಲ್ಲುತ್ತಿತ್ತು. ಇರುವು ಎಂದರೆ ಅಸ್ತಿತ್ವ, ನಾಲ್ಕು ಕೇಂದ್ರದ ಪರದೆಗೆ ಹಳಗನ್ನಡವೂ ಬರುತ್ತದೆ ಎಂದು ಆಚಾರ್ಯರು ತಿಳಿದುಕೊಂಡರು. ಜಾತಕ ಹೊಂದಿಸಲು ಹಾಕಿದರೆ 'ಕೂಡಿಬರುವು' ಎಂದು ಬರುತ್ತಿತ್ತು. ಅದನ್ನು ಅವರು 'ಕೂಡಿಬರುವುವು' ಎಂದು ಓದಿ ಕಣ್ಣು ಮುಚ್ಚುತ್ತಿದ್ದರು.

ಮೊದಲು ಬಂದವನು ಪಕ್ಕದ ಗೊಬ್ಬರದಂಗಡಿಯ ರಾಚಪ್ಪ. ಬಸವಣ್ಣನವರ ಮಾತು ನಂಬಿದವರು ನಾವು, ಜಾತಕ ಗೀತಕ ನಮಗಿಲ್ಲ ಎಂದು ಅವನು ಬೀದಿಯಲ್ಲಿ ನಿಂತು ಹೇಳುತ್ತಿದ್ದ. ಹೇಳುವುದನ್ನು ಹೇಳಿ ಮುಗಿಸಿ, ಹೆಂಡತಿ ನೀಲಾಬಾಯಿಯನ್ನು ಕರೆದುಕೊಂಡು ಹಿತ್ತಲ ಬಾಗಿಲಿನಿಂದ ಬಂದು ಕೂತ. ನಂಬಿಕಿ ಅಲ್ಲ, ಸುಮ್ಮ ನೋಡೂದು ಎಂದು ಎರಡು ಸಲ ಸ್ಪಷ್ಟಪಡಿಸಿ ಮಗಳು ದಾನೇಶ್ವರಿಯ ಹುಟ್ಟಿದ ವೇಳೆ ಕೊಟ್ಟ. ಕುಜದೋಷ ಬಂತು. ನಂಬದ ರಾಚಪ್ಪನ ಮುಖ ಬಿಳಿಚಿತು. ಆಮೇಲೆ ಅವಳಿಗೆ ನೋಡಿದ್ದ ಹುನಗುಂದದ ಹುಡುಗನದು ಹಾಕಿದರು. ಅವನಿಗೂ ಬಂತು. ಹೊಡೆದುಹೋಯಿತು, ಕೂಡಿಬರುವುವು ಎಂದು ಆಚಾರ್ಯರು ಹೇಳಿದಾಗ ನೀಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾಚಪ್ಪ ಎದ್ದು ಹೋಗುವ ಮೊದಲು ಹೆಂಡತಿಯನ್ನು ಮುಂದೆ ಕಳಿಸಿ, ದನಿ ಇಳಿಸಿ ತನ್ನದನ್ನೂ ನೋಡಲು ಹೇಳಿದ. ಅವನಿಗೂ ಇತ್ತು. ಅಂದಿನಿಂದ ಅವನ ಸಿಟ್ಟು ಸಿಟ್ಟಲ್ಲ, ಕುಜ ಎಂದಾಯಿತು. ಮನೆಯಲ್ಲಿ ಅವನಿಗೆ ಎದುರು ಮಾತು ನಿಂತಿತು.

ಹನ್ನೊಂದು ದಿನದಲ್ಲಿ ಮೂವತ್ತೇಳು ಜನ ಬಂದರು. ಮೂವತ್ತೇಳೂ ಜನಕ್ಕೆ ಕುಜದೋಷ. ಎಲ್ಲರಿಗೂ ದೋಷವಿದ್ದುದರಿಂದ ಎಲ್ಲರೂ ಎಲ್ಲರಿಗೂ ಹೊಂದುತ್ತಿದ್ದರು. ಮುರಿದು ಬಿದ್ದಿದ್ದ ಸಂಬಂಧಗಳು ಎದ್ದು ಕೂತವು. ಆಚಾರ್ಯರ ಕೈಗುಣದ ಬಗ್ಗೆ ಕೆರೂರ ಸಂತೆಯಲ್ಲಿ ಮಾತಾಯಿತು. ಒಬ್ಬಿಬ್ಬರು, ಇದೇನ್ರಿ ಆಚಾರ್ರ, ಇತ್ತಿತ್ಲಾಗ ಈ ದೋಷ ಭಾಳ ಆಗೇತಲ್ಲ ಎಂದು ಕೇಳಿದಾಗ ಅವರು ತಡವರಿಸಲಿಲ್ಲ. ಊರಿಗೆಲ್ಲ ಒಂದೇ ಗ್ರಹ ಹಿಡಿಯಬೇಕಾದರೆ ಕಾರಣವೂ ದೊಡ್ಡದೇ ಇರಬೇಕು. ಎಲ್ಲ ದೇಶದವರೂ ಮಂಗಳನ ಮೇಲೆ ಯಂತ್ರ ಇಳಿಸಿದ್ದಾರೆ, ಕೆದರುತ್ತಿದ್ದಾರೆ, ಅವನು ಸುಮ್ಮನೆ ಇರುತ್ತಾನೇನು ಎಂದು ಹೇಳಿದರು. ಕೇಳಿದವರಿಗೆ ಇದು ವಿಜ್ಞಾನವೂ ಹೌದು ಶಾಸ್ತ್ರವೂ ಹೌದು ಎನ್ನಿಸಿತು.

ಕುಮುದಿನಿಗೆ ಮಾತ್ರ ಹಾಗೆನ್ನಿಸಲಿಲ್ಲ. ಒಂದು ಮಧ್ಯಾಹ್ನ ಬಂದು ತನ್ನ ಹುಟ್ಟಿದ ವೇಳೆ ಹೇಳಿ ನಿಂತಳು. ಬಂತು, ಇರುವು. ಅವಳು ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮದುವಿ ಆಗಿ ಮೂವತ್ತು ವರ್ಷ ಆತು, ಮುಂಜಾನೆಯಿಂದ ಮೂರು ಭಕ್ರಿ ತಿಂದೀರಿ, ಯಾವ ದೋಷ ಇದು ಎಂದು ಕೇಳಿದಳು. ಆಚಾರ್ಯರು ತಮಗೆ ಹೋದ ವರ್ಷ ಬಂದ ಸಕ್ಕರೆ ಕಾಯಿಲೆಯ ಕಡೆ ಬೆರಳು ತೋರಿಸಿದರು.

ಇಷ್ಟೇ ಆಗಿದ್ದರೆ ಇದು ಊರ ಕಥೆಯಾಗಿ ಮುಗಿಯುತ್ತಿತ್ತು. ಅದು ಮನೆಯ ಕಥೆಯಾದದ್ದು ಮಗಳು ಅಮಿತಾಳಿಂದ.

ಅಮಿತಾ ಬಾಗಲಕೋಟೆಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು, ಶನಿವಾರ ಊರಿಗೆ ಬರುತ್ತಿದ್ದಳು. ಅಪ್ಪನ ಆ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ. ಕಾರಣವಿತ್ತು. ಅವಳ ಜಾತಕವನ್ನು ಅಜ್ಜ ಕೈಯಾರೆ ಹಾಕಿ, ಒಂದು ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿಟ್ಟಿದ್ದರು. ಅವಳಿಗೆ ಕುಜದೋಷವಿತ್ತು, ಯಾವ ಪರದೆಯ ಹಂಗೂ ಇಲ್ಲದೆ. ಆ ಕೆಂಪು ಗೆರೆಯನ್ನು ದಾಟಲಾರದೆ ಏಳು ಸಂಬಂಧ ಹಿಂದಕ್ಕೆ ಹೋಗಿದ್ದವು. ಎಂಟನೆಯದಾಗಿ ಬಂದವನು ವಾದಿರಾಜ, ಇಲಕಲ್ಲಿನವನು, ಹುನಗುಂದದಲ್ಲಿ ಸರಕಾರಿ ಭೂಮಾಪಕ. ಹೋದ ಚುನಾವಣೆಯಲ್ಲಿ ಇಬ್ಬರಿಗೂ ಒಂದೇ ಮತಗಟ್ಟೆಯಲ್ಲಿ ಕೆಲಸ ಬಿದ್ದಿತ್ತು. ಇಡೀ ದಿನ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಬೆರಳಿಗೆ ಶಾಯಿ ಹಚ್ಚಿ ಕಳಿಸಿದ್ದರು. ಅವನು ಕಡಿಮೆ ಮಾತಾಡುತ್ತಾನೆ, ಆಡಿದ್ದು ಲೆಕ್ಕಕ್ಕೆ ಬರುತ್ತದೆ ಎಂದು ಅಮಿತಾ ತಾಯಿಯ ಹತ್ತಿರ ಹೇಳಿದ್ದಳು. ಗಣಿತದವಳ ಬಾಯಿಂದ ಇದು ದೊಡ್ಡ ಮಾತೆಂದು ಕುಮುದಿನಿಗೆ ತಿಳಿಯಿತು.

ವಾದಿರಾಜನ ಮನೆಯಿಂದ ಹುಟ್ಟಿದ ದಿನ, ವೇಳೆ ಮಾತ್ರ ಬರೆದು ಕಳಿಸಿದರು. ಹುಡುಗಿಯ ಜಾತಕದ ವಿಷಯ ತಿಳಿದಿದೆ, ನೀವೇ ಕೂಡಿಸಿ ನೋಡಿ ಹೇಳಿರಿ ಎಂದು ಕೆಳಗಿತ್ತು. ಆಚಾರ್ಯರು ದೇವರಿಗೆ ದೀಪ ಹಚ್ಚಿ ಬಂದು ಕಂಪ್ಯೂಟರಿನ ಮುಂದೆ ಕೂತರು. ವೇಳೆಯನ್ನು ಎರಡು ಸಲ ಓದಿಕೊಂಡು ಬಡಿದರು. ಪೆಟ್ಟಿಗೆ ಮೂಡಿತು. ಕುಜದೋಷ ಇರುವು. ಕೂಡಿಬರುವು.

ಆಚಾರ್ಯರು ಅವತ್ತು ಅರ್ಧ ನಿಮಿಷ ಕಣ್ಣು ಮುಚ್ಚಿದ್ದು ಯಾರಿಗೂ ತೋರಿಸಲಿಕ್ಕಲ್ಲ. ಒಳ್ಳೆಯ ಕಾಗದ ತೆಗೆದು, ಮೂಲೆಗೆ ಎರಡು ಪಟ್ಟು ಅರಿಷಿಣ ಹಚ್ಚಿ, ಚಿರಂಜೀವಿ ವಾದಿರಾಜನಿಗೂ ದೋಷವಿರುವುದರಿಂದ ಯಾವ ಬಾಧೆಯೂ ಇರುವುದಿಲ್ಲವೆಂದು ಬರೆದು ಸಹಿ ಮಾಡಿ ಇಲಕಲ್ಲಿಗೆ ಕಳಿಸಿದರು. ನಾಲ್ಕನೆಯ ದಿನ ಅಲ್ಲಿಂದ ಒಪ್ಪಿಗೆ ಬಂತು. ನಿಶ್ಚಯಕ್ಕೆ ದಿನವೂ ಗೊತ್ತಾಯಿತು.

ಹವಾಲ್ದಾರ ಅಬ್ದುಲಸಾಬರು ಬಂದದ್ದು ಅದಾದ ಮರುದಿನ. ಬಾಗಿಲಲ್ಲಿ ಖಾಕಿ ಕಂಡು ಆಚಾರ್ಯರು, ಸಾಹೇಬರಿಗೂ ಜಾತಕ ನೋಡಬೇಕಾಗಿದೆಯೇನೋ ಎಂದು ಕುರ್ಚಿ ಎಳೆದರು. ಅಬ್ದುಲಸಾಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಒಂದು ತಕರಾರು ಅರ್ಜಿ ಐತ್ರಿ ಎಂದರು. ಅರ್ಜಿ ಕೊಟ್ಟವಳು ಕೆರೂರಿನ ಶಿವಗಂಗಾ ಎಂಬ ಸಾಲಿ ಮಾಸ್ತರತಿ. ಅವಳಿಗೆ ಅವಳಿ ಹೆಣ್ಣುಮಕ್ಕಳು. ದೊಡ್ಡವಳ ಜಾತಕವನ್ನು ಮೂರು ತಿಂಗಳ ಹಿಂದೆ ಇಲ್ಲೇ ನೋಡಿಸಿದ್ದಳು, ದೋಷ ಇರುವುದಿಲ್ಲವೆಂದು ಪ್ರಿಂಟು ಕೊಟ್ಟಿದ್ದರು. ಚಿಕ್ಕವಳದನ್ನು ಹೋದ ವಾರ ನೋಡಿಸಿದರೆ ಇರುವುದು ಎಂದು ಕೈಯಿಂದ ಬರೆದು ಕೊಟ್ಟಿದ್ದರು. ಇಬ್ಬರ ನಡುವೆ ಹತ್ತು ನಿಮಿಷ. ಈಗ ದೊಡ್ಡವಳು ಚಿಕ್ಕವಳನ್ನು ಕರೆದು ಮಾತಾಡಿಸುತ್ತಿಲ್ಲ, ಚಿಕ್ಕವಳು ಊಟ ಬಿಟ್ಟಿದ್ದಾಳೆ, ಇದಕ್ಕೆ ಯಾರು ಹೊಣೆ ಎಂದು ಅರ್ಜಿಯಲ್ಲಿತ್ತು.

ಹತ್ತು ನಿಮಿಷದಲ್ಲಿ ಲಗ್ನವೇ ಬದಲಾಗಬಹುದು ಸಾಹೇಬರೆ, ಅದು ಸೂಕ್ಷ್ಮದ ವಿಷಯ ಎಂದು ಆಚಾರ್ಯರು ವಿವರಿಸಿದರು. ಅಬ್ದುಲಸಾಬರು ಒಪ್ಪಿದರು. ಒಪ್ಪಿ, ಹಂಗಿದ್ರ ನನ್ನ ಮುಂದ ದೊಡ್ಡಾಕಿದು ಇನ್ನೊಮ್ಮೆ ಹಾಕ್ರಿ, ಸ್ಥಳ ಪಂಚನಾಮಿ ಆಗ್ಲಿ ಎಂದರು. ಹಾಕಿದರು. ಪೆಟ್ಟಿಗೆ ಮೂಡಿತು. ಅಬ್ದುಲಸಾಬರು ಚಷ್ಮಾ ಏರಿಸಿ ಪರದೆಯ ಹತ್ತಿರ ಬಗ್ಗಿ, ಬಹಳ ಹೊತ್ತು ನೋಡಿ, ಹಿಂದಕ್ಕೆ ಒರಗಿದರು.

"ಆಚಾರ್ರ, ಇಲ್ಲಿ ವಾಕ್ಯ ಮುಗದಿಲ್ಲ."

"ಇರುವು ಅಂದ್ರ ಅಸ್ತಿತ್ವ ಅಂತ ಅರ್ಥರೀ. ಹಳಗನ್ನಡ ಅದ."

"ಹಳೇದೋ ಹೊಸಾದೋ, ನಾ ಇಪ್ಪತ್ತೆಂಟು ವರ್ಷ ಪಂಚನಾಮಿ ಬರದೇನ್ರಿ," ಎಂದರು ಅಬ್ದುಲಸಾಬರು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ. "ಕಂಡುಬಂದಿರುವು ಅಂತ ಬರದ್ರ ನಮ್ಮ ಸಾಹೇಬ್ರು ಕಾಗದ ಮಾರಿಗಿ ಒಗೀತಾರ. ಕಂಡುಬಂದಿರುವುದು ಆದ್ರ ಮನಶ್ಯಾ ಒಳಗ. ಕಂಡುಬಂದಿರುವುದಿಲ್ಲ ಆದ್ರ ಹೊರಗ. ಎಲ್ಲಾ ಕಡೀ ಎರಡಕ್ಷರದಾಗ ಇರತೈತಿ. ನೀವು ಎಲ್ಲಾರ್ನೂ ಒಳಗ ಹಾಕೀರಿ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಕುಮುದಿನಿ ಒಳಗೆ ಬಂದು, ಗಂಡನ ಕೈಯಿಂದ ಫೋನು ತೆಗೆದುಕೊಂಡು, ಸುನೀಲಕುಮಾರನಿಗೆ ಹಚ್ಚಿ ಹವಾಲ್ದಾರರ ಕೈಗೆ ಕೊಟ್ಟಳು. ಡಿಪಿಐ ಎಂದರೆ ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕವಷ್ಟೇ; ಅಬ್ದುಲಸಾಬರಿಗೆ ಆ ಹೆಸರು ಕೇಳಿ ಯಾವ ಅಧಿಕಾರಿಯೂ ನೆನಪಾಗಲಿಲ್ಲ. ಅವರ ಇಲಾಖೆ ಬೇರೆ. ಸುನೀಲಕುಮಾರ ಹೇಳಿದಂತೆ ಸಾಫ್ಟ್‌ವೇರಿನ ಗುರುತಿನ ಮೇಲೆ ಮೌಸಿನ ಬಲಗಡೆ ಒತ್ತಿ, ಒಂದೊಂದೇ ಪಟ್ಟಿ ತೆರೆದು, ಬೆರಳಚ್ಚು ತೆಗೆಯುವ ಹಾಗೆ ನಿಧಾನವಾಗಿ ಒಂದು ಕಡೆ ಸರಿ ಗುರುತು ಹಾಕಿದರು. ಸಾಫ್ಟ್‌ವೇರು ಮುಚ್ಚಿ ತೆರೆಯಿತು. ಅಕ್ಷರ ತುಸು ಮಸುಕಾದವು, ಆದರೆ ಪೆಟ್ಟಿಗೆಯೂ ಅಕ್ಷರದ ಜೊತೆಗೇ ಬೆಳೆದಿತ್ತು. 'ಮುದ್ರಿಸು' ತನ್ನ ಜಾಗಕ್ಕೆ ಬಂದು ಕೂತಿತ್ತು. ನಡುವೆ, ಎಲ್ಲರಿಗೂ ಕಾಣುವ ಹಾಗೆ, 'ಕುಜದೋಷ ಇರುವುದಿಲ್ಲ.'

ಶಿವಗಂಗಾಳ ಇಬ್ಬರು ಮಕ್ಕಳಿಗೂ ದೋಷವಿರಲಿಲ್ಲ. ಅಬ್ದುಲಸಾಬರು ಎರಡೂ ಪ್ರಿಂಟು ತೆಗೆಸಿ ಮಡಚಿಟ್ಟುಕೊಂಡು, ಅಲ್ಲೇ ಕೂತು ವರದಿ ಬರೆದರು: ಸದರಿಯವರು ದುರುದ್ದೇಶ ಹೊಂದಿರುವುದಿಲ್ಲ. ಕಡೆಯ ಎರಡಕ್ಷರವನ್ನು ಪೆನ್ನು ಒತ್ತಿ ದಪ್ಪಗೆ ಬರೆದು ಆಚಾರ್ಯರಿಗೆ ತೋರಿಸಿದರು.

ಮಿಕ್ಕವರ ಜಾತಕಗಳನ್ನು ಆಚಾರ್ಯರು ಆ ಸಂಜೆಯೇ ಹಾಕಿ ನೋಡಿದರು. ನಿಜವಾಗಿ ದೋಷವಿದ್ದವರು ಆರು ಜನ. ಪ್ರತಿಯೊಬ್ಬರ ಮನೆಗೂ ಹೋಗಿ ತಪ್ಪಾಯಿತೆಂದು ಹೇಳುವ ಧೈರ್ಯ ಮಾಡಿ, ಮೊದಲು ಹತ್ತಿರದ ರಾಚಪ್ಪನ ಅಂಗಡಿಗೆ ಹೋದರು. ದಾನೇಶ್ವರಿಗೂ ಇಲ್ಲ, ಹುನಗುಂದದ ಹುಡುಗನಿಗೂ ಇಲ್ಲ, ಹೀಗಾಗಿ ಆ ಸಂಬಂಧಕ್ಕೆ ಅಡ್ಡಿಯಿಲ್ಲ ಎಂದಾಗ ರಾಚಪ್ಪ ತಲೆಯಾಡಿಸಿದ. ನಿಮಗೂ ಇಲ್ಲ ಎಂದಾಗ ಅವನು ಅಂಗಡಿಯ ಹೊರಗೆ ಬಂದು ಎರಡೂ ಕಡೆ ನೋಡಿದ. "ಅದೊಂದು ಇರ್ಲಿ ಬಿಡ್ರಿ ಆಚಾರ್ರ," ಎಂದ. "ಮನ್ಯಾಗ ಈಗ ಚಲೋ ನಡದೈತಿ."

ಮೂವತ್ತೇಳು ಜನರಲ್ಲಿ ಹೆಚ್ಚಿನವರು ಇದೇ ಮಾತಾಡಿದರು. ತಮಗೆ ಅನುಕೂಲವಾದ ದೋಷವನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ.

ಉಳಿದದ್ದು ಇಲಕಲ್ಲು. ವಾದಿರಾಜನ ವೇಳೆಯನ್ನು ಆಚಾರ್ಯರು ಕಡೆಗೆ ಹಾಕಿದ್ದರು. ದೋಷ ಇರುವುದಿಲ್ಲ. ಅಮಿತಾಳ ಜೊತೆ ಹೊಂದಿಸಿದರೆ, ಕೂಡಿಬರುವುದಿಲ್ಲ. ಅಕ್ಷರ ಒಂದೂ ಕಡಿಮೆಯಾಗದೆ ಬಂದಿತ್ತು. ಆಚಾರ್ಯರು ಮಾನಿಟರಿನ ಸೆಟ್ಟಿಂಗನ್ನು ಮತ್ತೆ ಮೊದಲಿನ ಹಾಗೆ ಮಾಡಿದರೆ ಹೇಗೆ ಎಂದು ಒಂದು ಗಳಿಗೆ ಯೋಚಿಸಿದ್ದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಶನಿವಾರ ಅಮಿತಾ ಬಂದಳು. ಮೊದಲ ಸಲ ಆ ಕೋಣೆಯೊಳಗೆ ಬಂದು ಪರದೆಯ ಮುಂದೆ ನಿಂತು ಓದಿದಳು. ಆಚಾರ್ಯರು, ಅವರೇನೂ ಮತ್ತೆ ಕೇಳಿಲ್ಲ, ಕಾಗದವಂತೂ ಹೋಗಿದೆ, ನಿಶ್ಚಯ ಮುಂದಿನ ವಾರ ಇದೆ ಎಂದು ಒಂದಕ್ಕೊಂದು ಸಂಬಂಧವಿಲ್ಲವೆಂಬಂತೆ ಮೂರು ಮಾತು ಹೇಳಿದರು.

"ಅಪ್ಪಾ, ಹೋಗಿ ಹೇಳೂಣು," ಎಂದಳು ಅಮಿತಾ. "ನಾ ಈ ದೋಷ ನಂಬಂಗಿಲ್ಲ. ಆದ್ರ ನೀ ನಂಬ್ತಿ. ನಾಳೆ ಅವಗ ನೆಗಡಿ ಬಂದ್ರೂ ನೀ ಇಲ್ಲಿ ನಿದ್ದಿಗೆಡ್ತಿ. ಅದನ್ನ ನಾ ಜೀವನಪೂರ್ತಿ ನೋಡಲಿಕ್ಕೆ ಒಲ್ಲೆ."

ಆದಿತ್ಯವಾರ ಮೂವರೂ ಬಸ್ಸು ಹತ್ತಿದರು. ಗುಳೇದಗುಡ್ಡ ದಾಟಿ, ಅಮೀನಗಡ ದಾಟಿ, ಹುನಗುಂದ ಬರುವವರೆಗೂ ಆಚಾರ್ಯರು ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ನಾಲ್ಕು ತರಹ ಬರೆದು ನಾಲ್ಕನ್ನೂ ಹೊಡೆದು ಹಾಕಿದರು.

ಇಲಕಲ್ಲಿನ ಮನೆಯಲ್ಲಿ ಅವರನ್ನು ಬಹಳ ಆದರದಿಂದ ಕರೆದು ಕೂಡಿಸಿದರು. ಅಷ್ಟು ಆದರ ಆಚಾರ್ಯರಿಗೆ ತಮ್ಮ ಸ್ವಂತ ಮದುವೆಯಲ್ಲೂ ಸಿಕ್ಕಿರಲಿಲ್ಲ. ವಾದಿರಾಜನ ತಾಯಿ ವೇಣೂಬಾಯಿ ಅಚ್ಚ ಇಲಕಲ್ಲ ಸೀರೆಯ ಸೆರಗು ಹೊದ್ದು ಬಂದು ಕೂತರು. ತಂದೆಯಿಲ್ಲದ ಆ ಮನೆಗೆ ಹಿರಿಯರಾದ ಜಯತೀರ್ಥ ಕಾಕಾ ಎದುರಿನ ಕುರ್ಚಿಯಲ್ಲಿದ್ದರು. ಇವರು ಹಳೆಯ ಪದ್ಧತಿಯವರು, ಪಂಚಾಂಗ ನೋಡಿ ಕೈಯಿಂದ ಜಾತಕ ಬರೆಯಬಲ್ಲವರು. ಆಚಾರ್ಯರನ್ನು ಅವರು ನೋಡುತ್ತಿದ್ದ ರೀತಿಯಲ್ಲಿ ಒಬ್ಬ ಘನ ವಿದ್ವಾಂಸ ಇನ್ನೊಬ್ಬನನ್ನು ನೋಡುವ ಮೆಚ್ಚುಗೆಯಿತ್ತು. ವಾದಿರಾಜ ಬಾಗಿಲ ಹತ್ತಿರ ನಿಂತಿದ್ದ. ಅಮಿತಾ ಅವನ ಕಡೆ ನೋಡಲಿಲ್ಲ.

ಆಚಾರ್ಯರು ಎದ್ದು ನಿಂತು ಹೇಳಿದರು. ನಾಲ್ಕು ಕೇಂದ್ರದಿಂದ ಹಿಡಿದು ಡಿಡಿಪಿಐ ಸಾಹೇಬರವರೆಗೆ, ಹಳಗನ್ನಡದಿಂದ ಹಿಡಿದು ಹವಾಲ್ದಾರರವರೆಗೆ, ಒಂದನ್ನೂ ಬಿಡದೆ ಹೇಳಿದರು. ತಮಗೆ ಜ್ಯೋತಿಷ್ಯ ಬರುವುದಿಲ್ಲವೆಂಬುದನ್ನೂ, ಊರಿಗೆ ಗೊತ್ತಿಲ್ಲದ ಆ ಸಂಗತಿಯನ್ನೂ, ಮೊದಲ ಸಲ ಹೊರಗಿನವರ ಮುಂದೆ ಹೇಳಿದರು. ನಿಮ್ಮ ಹುಡುಗನಿಗೆ ದೋಷವಿಲ್ಲ, ನಮ್ಮ ಹುಡುಗಿಗೆ ಇದೆ, ಇನ್ನು ನೀವು ಹೇಳಿದಂತೆ ಎಂದು ಮುಗಿಸಿ ಕೂತರು.

ಜಯತೀರ್ಥ ಕಾಕಾರ ಮುಖದ ಮೇಲಿನ ಮೆಚ್ಚುಗೆ, ಬಿಸಿಲಿಗಿಟ್ಟ ಮಂಜಿನ ಗಡ್ಡೆಯ ಹಾಗೆ, ಎಲ್ಲರ ಕಣ್ಣೆದುರಿಗೇ ಕರಗಿತು.

"ಅಂದ್ರ ನೀವು ಬೇಕಂತ ಮಾಡಿದ್ದಲ್ಲೇನು?" ಎಂದು ಕೇಳಿದರು ಅವರು.

ಆಚಾರ್ಯರಿಗೆ ಅರ್ಥವಾಗಲಿಲ್ಲ.

ವೇಣೂಬಾಯಿ ನಿಟ್ಟುಸಿರು ಬಿಟ್ಟು ಬಿಡಿಸಿ ಹೇಳಿದರು. ವಾದಿರಾಜನ ಜಾತಕ ಬರೆದದ್ದು ಈ ಕಾಕಾನೇ. ಅವನಿಗೆ ದೋಷವಿಲ್ಲವೆಂಬುದು ಅವನು ಹುಟ್ಟಿದ ದಿನದಿಂದ ಈ ಮನೆಯವರಿಗೆ ಗೊತ್ತು. ಹುಡುಗ ಚುನಾವಣೆ ಮುಗಿಸಿ ಬಂದವನೇ, ಮಾಡಿಕೊಂಡರೆ ಅವಳನ್ನೇ ಎಂದು ಹೇಳಿ ಸುಮ್ಮನಾದ. ಅವನು ಸುಮ್ಮನಾದನೆಂದರೆ ಮುಗಿಯಿತು. ಇತ್ತ ಕಾಕಾ ಶಾಸ್ತ್ರ ಬಿಡಲೊಲ್ಲರು. ಏನು ಮಾಡುವುದೆಂದು ತೋಚದೆ, ಮನೆಯವರು ಹುಟ್ಟಿದ ವೇಳೆಯಷ್ಟೇ ಬರೆದು ಬಾದಾಮಿಗೆ ಕಳಿಸಿದರು. ಅಲ್ಲಿಂದ ದೋಷ ಇದೆ ಎಂದು ಕಾಗದ ಬಂದಾಗ ಕಾಕಾ ಅದನ್ನು ಮೂರು ಸಲ ಓದಿ, ಇಂಥಾ ಬುದ್ಧಿವಂತ ಈ ಜಿಲ್ಲೆಯಲ್ಲೇ ಇಲ್ಲ ಎಂದರಂತೆ. ಶಾಸ್ತ್ರಕ್ಕೆ ಶಾಸ್ತ್ರವೂ ಉಳಿಯಿತು, ಮಕ್ಕಳಿಗೆ ಮಕ್ಕಳದೂ ಆಯಿತು, ಪಾಪವೇನಾದರೂ ಇದ್ದರೆ ಸಹಿ ಮಾಡಿದವನ ತಲೆಗೆ. ಇಂಥ ಮನುಷ್ಯನ ಮನೆಯ ಹೆಣ್ಣು ತರಬೇಕು ಎಂದು ಅವರೇ ಮುಂದೆ ನಿಂತು ನಿಶ್ಚಯಕ್ಕೆ ದಿನ ಗೊತ್ತುಮಾಡಿದ್ದರು.

"ನಾ ನಿಮ್ಮನ್ನ ಭಾಳ ದೊಡ್ಡವರು ಅಂತ ತಿಳಕೊಂಡಿದ್ದೆ," ಎಂದರು ಕಾಕಾ. ಆ ದನಿಯಲ್ಲಿದ್ದ ದುಃಖ ಪ್ರಾಮಾಣಿಕವಾದದ್ದು. "ಇಲ್ಲಿ ನೋಡಿದ್ರ ನಿಮಗ ವಾಕ್ಯ ಓದಲಿಕ್ಕೂ ಬರಂಗಿಲ್ಲ."

ಆಚಾರ್ಯರು ತಲೆ ತಗ್ಗಿಸಿದರು. ಮೋಸಗಾರನೆನ್ನಿಸಿಕೊಳ್ಳಲು ತಯಾರಾಗಿ ಬಂದಿದ್ದರು; ಮೋಸಗಾರನಲ್ಲವೆಂದು ಬೈಸಿಕೊಳ್ಳುವುದಕ್ಕೆ ಮನಸ್ಸು ತಯಾರಿರಲಿಲ್ಲ. ಕಾಕಾ ಕಣ್ಣು ಮುಚ್ಚಿ ಕೂತರು. ಈಗ ಸಹಿಯ ಆಸರೆಯೂ ಹೋಗಿತ್ತು, ಗೊತ್ತಿಲ್ಲವೆನ್ನಲು ಯಾರಿಗೂ ದಾರಿಯಿರಲಿಲ್ಲ. ಕುಮುದಿನಿ ಮಗಳ ಕೈ ಹಿಡಿದುಕೊಂಡಳು.

ಬಾಗಿಲ ಹತ್ತಿರ ನಿಂತಿದ್ದ ವಾದಿರಾಜ ಒಂದು ಹೆಜ್ಜೆ ಒಳಗೆ ಬಂದ.

"ಕಾಕಾ, ನಕಾಶೆದಾಗ ಗೆರಿ ತಪ್ಪಿದ್ರ ನಾವು ನಕಾಶೆ ತಿದ್ದತೀವಿ," ಎಂದ. "ಹೊಲಾ ಸರಸಂಗಿಲ್ಲ."

ಮತ್ತೆ ಬಾಗಿಲ ಹತ್ತಿರ ಹೋಗಿ ನಿಂತ. ಅಮಿತಾ ಈಗ ಅವನ ಕಡೆ ನೋಡಿದಳು. ಆ ನೋಟವನ್ನು ಕಾಕಾ ಮುಚ್ಚಿದ ಕಣ್ಣಿನ ಸಂದಿಯಿಂದ ಕಂಡರು. ಹೊರಗೆ ಯಾವುದೋ ಮಗ್ಗದ ಸಪ್ಪಳ ಒಂದು ಸಲ ನಿಂತು ಮತ್ತೆ ಸುರುವಾಗುವಷ್ಟು ಹೊತ್ತು ತಡೆದು, ಬಾದಾಮಿಯಿಂದ ಬಂದ ಕಾಗದವನ್ನು ಕಿಸೆಯಿಂದ ತೆಗೆದು, ಹರಿಯಲೂ ಇಲ್ಲ, ಹಿಂದಕ್ಕೆ ಕೊಡಲೂ ಇಲ್ಲ. ನಾಲ್ಕು ಮಡಿಕೆ ಮಾಡಿ ತಾವು ಕೂತಿದ್ದ ಕುರ್ಚಿಯ ದಿಂಬಿನ ಕೆಳಗಿಟ್ಟು, ಅದರ ಮೇಲೆ ಭದ್ರವಾಗಿ ಕೂತರು.

ಮನೆಯ ಯಜಮಾನರು ಮಾತಾಡುವುದನ್ನು ಮುಗಿಸಿದ್ದಾರೆಂದು ವೇಣೂಬಾಯಿಗೆ ತಿಳಿಯಿತು. ಒಳಗೆ ಹೋಗಿ ಬೇಸನ್ ಉಂಡಿಯ ತಾಟು ತಂದು ಆಚಾರ್ಯರ ಮುಂದಿಟ್ಟರು.

"ತಗೋರಿ ಬೀಗರ," ಎಂದರು. "ಖರೇ ಹೇಳೀರಿ, ಅದು ನಮಗ ಸಾಕು. ಮುಹೂರ್ತ ಮಾತ್ರ ನಾವ ತಗಸ್ತೀವಿ."

ಆಚಾರ್ಯರು ಮುಹೂರ್ತದ ಬಗ್ಗೆ ಏನೋ ಒಂದು ಸಲಹೆ ಕೊಡಲು ಬಾಯಿ ತೆರೆದರು. ಕುಮುದಿನಿ ಆ ಬಾಯಿಗೆ ಒಂದು ಇಡೀ ಉಂಡಿ ಇಟ್ಟಳು.